ಒಂದು ಪ್ರಶ್ನೆ, ಹಲವು ಸರ್ಚ್ ಎಂಜಿನ್: ಇಂಟರ್‌ನೆಟ್‌ನಲ್ಲಿ ಆಳವಾಗಿ ಹುಡುಕುವ ಸಮಗ್ರ ಮಾರ್ಗದರ್ಶಿ

ಮಂಡ್ಯ ಜಿಲ್ಲೆಯ ಹೈಸ್ಕೂಲು ಮೇಷ್ಟ್ರೊಬ್ಬರು ತಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಪಾಂಡವಪುರದ ಇತಿಹಾಸ ಬರೆಯಲು ಕೂತಿದ್ದರು. "ಪಾಂಡವಪುರ ಇತಿಹಾಸ" ಎಂದು ಗೂಗಲ್‌ನಲ್ಲಿ ಹಾಕಿದರೆ ಬಂದದ್ದು ನಾಲ್ಕು ಸಾಲು: ಪಾಂಡವರು ವನವಾಸದಲ್ಲಿ ಇಲ್ಲಿ ತಂಗಿದ್ದರು, ಕುಂತಿಗೆ ಇಲ್ಲಿನ ಬೆಟ್ಟ ಇಷ್ಟವಾಗಿತ್ತು. ಹತ್ತು ವೆಬ್‌ಸೈಟು ತೆರೆದರೂ ಅವೇ ನಾಲ್ಕು ಸಾಲು. ನನಗೆ ಫೋನ್ ಮಾಡಿ, "ಸಾರ್, ಗೂಗಲ್‌ನಲ್ಲೇ ಇಲ್ಲ ಅಂದ್ಮೇಲೆ ಇನ್ನೆಲ್ಲಿರುತ್ತೆ?" ಎಂದರು.

ಇತ್ತು, ಬೇಕಾದಷ್ಟಿತ್ತು. ಆದರೆ ಬೇರೆ ಹೆಸರಲ್ಲಿ, ಬೇರೆ ಭಾಷೆಯಲ್ಲಿ, ಬೇರೆ ಕಪಾಟಿನಲ್ಲಿ ಇತ್ತು. ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರಾಲಿ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಅಲ್ಲಿ ಬೀಡು ಬಿಟ್ಟಿತ್ತು. ಹಾಗಾಗಿ ಬ್ರಿಟಿಷರ ಬಾಯಲ್ಲಿ ಅದು ಫ್ರೆಂಚ್ ರಾಕ್ಸ್ ಆಯಿತು. 19ನೇ ಶತಮಾನದ ಪುಸ್ತಕಗಳಲ್ಲಿ ಆ ಊರನ್ನು ಹುಡುಕುವವರು ಈ ಎರಡು ಹೆಸರಿನಿಂದಲೇ ಹುಡುಕಬೇಕು.

ಅವತ್ತು ಮೇಷ್ಟ್ರ ಜೊತೆ ಕೂತು ಮಾಡಿದ ಕೆಲಸವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಿಮ್ಮ ಪ್ರಶ್ನೆ ಊರಿನ ಇತಿಹಾಸದ್ದೇ ಆಗಬೇಕಿಲ್ಲ. ಕೋರ್ಟಿನ ತೀರ್ಪು, ಕಾಯಿಲೆ, ಹಳೆಯ ಫೋಟೊ, ವಾಟ್ಸಾಪ್‌ನಲ್ಲಿ ಬಂದ ಸುದ್ದಿ, ಯಾವುದಕ್ಕಾದರೂ ಇದೇ ದಾರಿ.

ಮೊದಲ ಹೆಜ್ಜೆ: ಫೋನ್ ಕೆಳಗಿಡಿ, ಪೆನ್ನು ಹಿಡಿಯಿರಿ

ಹುಡುಕಾಟ ಸೋಲುವುದು ಹೆಚ್ಚಾಗಿ ಪದ ಆರಿಸುವಲ್ಲಿ. ಎಂಜಿನ್ ಬದಲಿಸುವ ಮೊದಲು ಪದಗಳ ಪಟ್ಟಿ ಬೇಕು. ಒಂದು ಹಾಳೆಯಲ್ಲಿ ನಿಮ್ಮ ವಿಷಯಕ್ಕೆ ಇರುವ ಎಲ್ಲ ಹೆಸರನ್ನೂ ಬರೆದುಕೊಳ್ಳಿ. ಪಾಂಡವಪುರಕ್ಕೆ ನಾವು ಬರೆದುಕೊಂಡದ್ದು: ಪಾಂಡವಪುರ, ಹಿರೋಡೆ, ಫ್ರೆಂಚ್ ರಾಕ್ಸ್, ಕುಂತಿ ಬೆಟ್ಟ, ತೊಣ್ಣೂರು, ತೊಂಡನೂರು, ಮೋತಿ ತಲಾಬ್ (ತೊಣ್ಣೂರು ಕೆರೆಯ ಇನ್ನೊಂದು ಹೆಸರು), ಚಿನಕುರಳಿ, ಮೇಲುಕೋಟೆ. ಊರಿನ ಹೆಸರಿನಿಂದ ಏನೂ ಸಿಗದಿದ್ದಾಗ ಪಕ್ಕದ ಕೆರೆಯೋ ಬೆಟ್ಟವೋ ಯುದ್ಧವೋ ಕೈ ಹಿಡಿಯುತ್ತದೆ. 1771ರಲ್ಲಿ ಮರಾಠರು ಹೈದರನನ್ನು ಸೋಲಿಸಿದ ಕಾಳಗ ನಡೆದದ್ದು ಚಿನಕುರಳಿಯ ಬಳಿ. ಊರಿನ ಬಗ್ಗೆ ಒಂದು ಸಾಲೂ ಬರೆಯದ ಇತಿಹಾಸಕಾರರು ಆ ಕಾಳಗದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ.

ಆಮೇಲೆ ಪ್ರತಿ ಹೆಸರಿನ ಎದುರು ಇಂಗ್ಲಿಷ್ ಕಾಗುಣಿತ ಎಷ್ಟು ಬಗೆಯಾಗಬಹುದು ಎಂದು ಯೋಚಿಸಿ. ನಾವು ತ-ಕಾರಕ್ಕೆ ಟಿಎಚ್ ಹಾಕುತ್ತೇವೆ, ಉತ್ತರದವರು ಬರೀ ಟಿ ಹಾಕುತ್ತಾರೆ, ವಿದ್ವಾಂಸರು ಅಕ್ಷರದ ಕೆಳಗೆ ಚುಕ್ಕೆ, ಮೇಲೆ ಗೆರೆ ಹಾಕುತ್ತಾರೆ. ಬ್ರಿಟಿಷ್ ಅಧಿಕಾರಿಗಳು ಕಿವಿಗೆ ಕೇಳಿದ ಹಾಗೆ ಬರೆದರು: ಚಿತ್ರದುರ್ಗ ಅವರಿಗೆ ಚಿಟಲ್‌ಡ್ರೂಗ್, ಶ್ರೀರಂಗಪಟ್ಟಣ ಸೆರಿಂಗಪಟಂ, ಮಡಿಕೇರಿ ಮರ್ಕರಾ. ರಾಮನಗರ ಬಹಳ ಕಾಲ ಕ್ಲೋಸ್‌ಪೇಟೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ 1807ರಲ್ಲಿ ಮೂರು ಸಂಪುಟ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಅಂತೂ ದೊಡ್ಡಬಳ್ಳಾಪುರವನ್ನು "ದೊಡ ಬಾಲ-ಪುರ" ಎಂದು ತುಂಡು ಮಾಡಿ ಬರೆದ. ಇವತ್ತಿನ ಕಾಗುಣಿತದಲ್ಲಿ ಹುಡುಕಿದರೆ ಆ ಪುಸ್ತಕ ಬಾಯಿ ಬಿಡುವುದೇ ಇಲ್ಲ.

ಜಿಲ್ಲೆಯನ್ನೂ ಮರೆಯಬೇಡಿ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅದಕ್ಕಿಂತ ಹಿಂದಿನ ಪುಸ್ತಕದಲ್ಲಿ ಪಾಂಡವಪುರ ಇರುವುದು ಮೈಸೂರು ಜಿಲ್ಲೆಯಲ್ಲಿ. ಹಾಗೆಯೇ 2014ರ ನವೆಂಬರ್ 1ರಂದು ನಮ್ಮ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರು ಬದಲಾಯಿತು. ಅದಕ್ಕೂ ಹಿಂದಿನ ಇಂಗ್ಲಿಷ್ ಸುದ್ದಿ, ತೀರ್ಪು, ಸರ್ಕಾರಿ ಆದೇಶ ಬೇಕಿದ್ದರೆ ಬೆಲ್ಗಾಂ, ಗುಲ್ಬರ್ಗ, ಶಿಮೊಗ, ಹುಬ್ಲಿ ಎಂದೇ ಹಾಕಿ ನೋಡಬೇಕು.

ಎರಡನೇ ಹೆಜ್ಜೆ: ಯಾವ ಎಂಜಿನ್ ಯಾರ ಮನೆಯದು ತಿಳಿಯಿರಿ

ಸರ್ಚ್ ಎಂಜಿನ್ ನೀವು ಕೇಳಿದ ಕ್ಷಣದಲ್ಲಿ ಇಡೀ ಇಂಟರ್‌ನೆಟ್ಟನ್ನು ಜಾಲಾಡುವುದಿಲ್ಲ. ಅದರ ಕ್ರಾಲರ್ ಎಂಬ ತಂತ್ರಾಂಶ ಮೊದಲೇ ಪುಟದಿಂದ ಪುಟಕ್ಕೆ ಹೋಗಿ ಓದಿಕೊಂಡು ಬಂದಿರುತ್ತದೆ. ಓದಿದ್ದನ್ನು ಪದವಾರು ಜೋಡಿಸಿಟ್ಟ ಪಟ್ಟಿಗೆ ಇಂಡೆಕ್ಸ್ ಎನ್ನುತ್ತಾರೆ. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಅದರ ಹಾಗೆ. ನಾವು ಹುಡುಕುವುದು ಆ ಪದಸೂಚಿಯಲ್ಲಿ. ಕ್ರಾಲರ್ ಹೋಗದ ಪುಟ ಸೂಚಿಯಲ್ಲಿಲ್ಲ. ಸೂಚಿಯಲ್ಲಿದ್ದರೂ ಎಂಜಿನ್‌ನ ಲೆಕ್ಕದಲ್ಲಿ ಮುಖ್ಯವಲ್ಲದ್ದು ಹತ್ತನೇ ಪುಟಕ್ಕೆ ಇಳಿದಿರುತ್ತದೆ.

ಇಲ್ಲಿ ಬಹಳ ಜನ ಎಡವುತ್ತಾರೆ. ನಾಲ್ಕು ಎಂಜಿನ್‌ನಲ್ಲಿ ನೋಡಿದೆ, ನಾಲ್ಕರಲ್ಲೂ ಅದೇ ಬಂತು, ಹಾಗಾದರೆ ನಿಜವೇ ಇರಬೇಕು ಎಂದುಕೊಳ್ಳುತ್ತಾರೆ. ಆ ನಾಲ್ಕೂ ಒಂದೇ ಬಾವಿಯಿಂದ ನೀರು ಸೇದುತ್ತಿರಬಹುದು. ಯಾಹೂ ಫಲಿತಾಂಶ ಬರುವುದು ಮೈಕ್ರೋಸಾಫ್ಟ್‌ನ ಬಿಂಗ್‌ನಿಂದ. 2009ರಲ್ಲೇ ಮೈಕ್ರೋಸಾಫ್ಟ್ ಜೊತೆ ಆ ಒಪ್ಪಂದವಾಗಿದೆ. ಡಕ್‌ಡಕ್‌ಗೋದ ಸಾಮಾನ್ಯ ಕೊಂಡಿಗಳೂ ಬಹುಪಾಲು ಬಿಂಗ್‌ನವು. ಸ್ಟಾರ್ಟ್‌ಪೇಜ್, ಇಕೋಸಿಯಾ ಎರಡೂ ಗೂಗಲ್, ಬಿಂಗ್‌ನಂಥ ದೊಡ್ಡವರ ಸೂಚಿಯನ್ನೇ ನೆಚ್ಚಿಕೊಂಡಿವೆ. ಬಿಂಗ್, ಯಾಹೂ, ಡಕ್‌ಡಕ್‌ಗೋ ಮೂರನ್ನೂ ನೋಡಿದವರು ಹೆಚ್ಚುಕಡಿಮೆ ಒಂದನ್ನೇ ಮೂರು ಸಲ ನೋಡಿದಂತೆ.

ಸ್ವಂತ ಸೂಚಿ ಇರುವವು ಬೆರಳೆಣಿಕೆಯಷ್ಟು: ಗೂಗಲ್, ಬಿಂಗ್, 2021ರಲ್ಲಿ ಶುರುವಾದ ಬ್ರೇವ್ ಸರ್ಚ್, ಬ್ರಿಟನ್ನಿನ ಮೋಜೀಕ್, ರಷ್ಯಾದ ಯಾಂಡೆಕ್ಸ್, ಚೀನಾದ ಬೈದು. ನಮ್ಮ ದಿನನಿತ್ಯದ ಕೆಲಸಕ್ಕೆ ಗೂಗಲ್, ಬಿಂಗ್, ಬ್ರೇವ್ ಈ ಮೂರು ಸಾಕು. ಮೂರೂ ಬೇರೆ ಬೇರೆ ಬಾವಿ. ಫೋಟೊ ಹುಡುಕಲು ಯಾಂಡೆಕ್ಸ್ ಸೇರಿಸಿಕೊಳ್ಳಿ. ಚೀನಾದ ಕಂಪನಿ, ಯಂತ್ರ, ಬಿಡಿಭಾಗದ ವಿಚಾರವಾದರೆ ಬೈದು. ಮೋಜೀಕ್ ಚಿಕ್ಕದು, ಕನ್ನಡಕ್ಕೆ ಹೆಚ್ಚು ಪ್ರಯೋಜನವಿಲ್ಲ. ಆದರೆ ಇಂಗ್ಲಿಷಿನಲ್ಲಿ ದೊಡ್ಡ ವೆಬ್‌ಸೈಟುಗಳ ಗದ್ದಲದಡಿ ಹೂತುಹೋದ ಹವ್ಯಾಸಿಗಳ ಪುಟಗಳನ್ನು ಕೆಲವೊಮ್ಮೆ ಎತ್ತಿಕೊಡುತ್ತದೆ.

ಒಂದೇ ಪ್ರಶ್ನೆಯನ್ನು ಮೂರು ಟ್ಯಾಬ್‌ನಲ್ಲಿ ಮೂರು ಎಂಜಿನ್‌ಗೆ ಹಾಕಿ ಮೊದಲ ಎರಡು ಪುಟ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಮೂರರಲ್ಲೂ ಬಂದ ಕೊಂಡಿಗಳನ್ನು ಬಿಟ್ಟು, ಒಂದರಲ್ಲಿ ಮಾತ್ರ ಬಂದದ್ದನ್ನು ಮೊದಲು ತೆರೆಯಿರಿ. ಹೊಸದು ಇರುವುದು ಅಲ್ಲೇ.

ಕಂಪ್ಯೂಟರಿನಲ್ಲಿ ಕ್ರೋಮ್ ಬಳಸುವವರು ಇದನ್ನು ಸುಲಭ ಮಾಡಿಕೊಳ್ಳಬಹುದು. ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಎಂಜಿನ್ ವಿಭಾಗಕ್ಕೆ ಹೋಗಿ ಸೈಟ್ ಸರ್ಚ್ ಎನ್ನುವಲ್ಲಿ ಪ್ರತಿ ಎಂಜಿನ್‌ಗೂ ಒಂದಕ್ಷರದ ಶಾರ್ಟ್‌ಕಟ್ ಕೊಡಿ. ವಿಳಾಸದ ಪಟ್ಟಿಯಲ್ಲಿ ಆ ಅಕ್ಷರ, ಒಂದು ಟ್ಯಾಬ್ ಕೀಲಿ, ಆಮೇಲೆ ಪ್ರಶ್ನೆ. ಡಕ್‌ಡಕ್‌ಗೋದಲ್ಲಿ ಇಂಥದೇ ಸೌಲಭ್ಯಕ್ಕೆ ಬ್ಯಾಂಗ್ ಎನ್ನುತ್ತಾರೆ: ಆಶ್ಚರ್ಯಸೂಚಕ ಚಿಹ್ನೆ ಹಾಕಿ ಇಂಗ್ಲಿಷಿನ ಡಬ್ಲ್ಯೂ ಬರೆದು ಪದ ಹಾಕಿದರೆ ನೇರ ಇಂಗ್ಲಿಷ್ ವಿಕಿಪೀಡಿಯಕ್ಕೆ, ಜಿ ಬರೆದರೆ ಗೂಗಲ್‌ಗೆ ಕರೆದೊಯ್ಯುತ್ತದೆ.

ಮೂರನೇ ಹೆಜ್ಜೆ: ಎಂಜಿನ್‌ಗೆ ಕಟ್ಟುನಿಟ್ಟಾಗಿ ಹೇಳಿ

ಗೂಗಲ್ ಈಗ ನಾವು ಬರೆದ ಪದವನ್ನೇ ಹುಡುಕುವುದು ಕಡಿಮೆ. ನಮ್ಮ ಮನಸ್ಸಿನಲ್ಲಿ ಇರಬಹುದಾದದ್ದನ್ನು ಊಹಿಸುತ್ತದೆ. ಹಿರೋಡೆ ಎಂದು ಇಂಗ್ಲಿಷಿನಲ್ಲಿ ಬರೆದರೆ ಯಾವುದೋ ಜಪಾನಿ ಹೆಸರಿಗೆ ಹೋಗಿ ನಿಲ್ಲಬಹುದು. ಅದನ್ನು ಹಿಡಿದು ನಿಲ್ಲಿಸಲು ಐದು ಉಪಾಯ ಸಾಕು.

ಉದ್ಧರಣ ಚಿಹ್ನೆ ಮೊದಲನೆಯದು. "ಫ್ರೆಂಚ್ ರಾಕ್ಸ್" ಎಂದು ಇಂಗ್ಲಿಷಿನಲ್ಲಿ ಚಿಹ್ನೆಯೊಳಗೆ ಬರೆದು, ಹೊರಗೆ ಮೈಸೂರು ಎಂದು ಸೇರಿಸಿ. ಚಿಹ್ನೆ ಇಲ್ಲದಿದ್ದರೆ ಫ್ರಾನ್ಸಿನ ಬಂಡೆಗಳು ಬಂದು ಕೂರುತ್ತವೆ.

ಬೇಡದ ಪದ ಬರೆಯುವ ಮೊದಲು ಮೈನಸ್ ಚಿಹ್ನೆ ಹಾಕುವುದು ಎರಡನೆಯದು. ಪಾಂಡವಪುರ ಎಂದರೆ ಸಕ್ಕರೆ ಕಾರ್ಖಾನೆಯ ಸುದ್ದಿಗಳೇ ಮುತ್ತಿಕೊಂಡರೆ, ಮೈನಸ್ ಸಕ್ಕರೆ ಎಂದು ಹಾಕಿ. ನಡುವೆ ಜಾಗ ಬಿಡಬಾರದು.

ಮೂರನೆಯದು ಸೈಟ್ ಎಂಬ ಇಂಗ್ಲಿಷ್ ಪದ, ಕೋಲನ್, ಅದರ ಪಕ್ಕ ಜಾಲತಾಣದ ವಿಳಾಸ. ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್ ಎಂದು ಕೊಟ್ಟರೆ ರಾಜ್ಯ ಸರ್ಕಾರದ ತಾಣಗಳೊಳಗೆ ಮಾತ್ರ ಹುಡುಕುತ್ತದೆ. ಸರ್ಕಾರಿ ತಾಣಗಳಲ್ಲಿ ಅವರದೇ ಹುಡುಕುಪೆಟ್ಟಿಗೆಗಿಂತ ಇದು ಎಷ್ಟೋ ವಾಸಿ. ಸುತ್ತೋಲೆ, ಆದೇಶ, ನಿಯಮಾವಳಿ ಹುಡುಕುವವರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ಇದರ ಜೊತೆ ಫೈಲ್‌ಟೈಪ್, ಕೋಲನ್, ಪಿಡಿಎಫ್ ಎಂದು ಸೇರಿಸಿದರೆ ಪಿಡಿಎಫ್ ಕಡತಗಳು ಮಾತ್ರ ಉಳಿಯುತ್ತವೆ. ಇದು ನಾಲ್ಕನೆಯದು. ಗೂಗಲ್, ಬಿಂಗ್ ಎರಡರಲ್ಲೂ ನಡೆಯುತ್ತದೆ.

ಐದನೆಯದು ಗೂಗಲ್‌ನಲ್ಲಿ ಕಾಲಮಿತಿ ಹಾಕುವುದು: ಬಿಫೋರ್ ಅಥವಾ ಆಫ್ಟರ್ ಎಂದು ಇಂಗ್ಲಿಷಿನಲ್ಲಿ ಬರೆದು ಕೋಲನ್ ಹಾಕಿ ಇಸವಿ. ಒಂದು ಗಾಳಿಸುದ್ದಿ ಯಾವಾಗ ಹುಟ್ಟಿತು ಎಂದು ಪತ್ತೆ ಮಾಡಲು ಇದು ಬೇಕೇ ಬೇಕು.

ಇಷ್ಟಾದರೂ ಗೂಗಲ್ ತನ್ನದೇ ಊಹೆ ನಡೆಸಿದರೆ ಟೂಲ್ಸ್ ಒತ್ತಿ, ಆಲ್ ರಿಸಲ್ಟ್ಸ್ ಎಂಬಲ್ಲಿ ವರ್ಬೇಟಿಮ್ (ಬರೆದದ್ದನ್ನು ಬರೆದ ಹಾಗೇ) ಆರಿಸಿ. ಮೇಲಿನ ಎಐ ಉತ್ತರ, ವಿಡಿಯೊ, ಅಂಗಡಿ ಎಲ್ಲ ಬದಿಗೆ ಸರಿದು ಬರೀ ಕೊಂಡಿಗಳು ಬೇಕಿದ್ದರೆ 2024ರಲ್ಲಿ ಬಂದ ವೆಬ್ ಎಂಬ ಟ್ಯಾಬ್ ಇದೆ. ಅದು ಮೋರ್ ಎನ್ನುವುದರ ಕೆಳಗೆ ಅಡಗಿರುತ್ತದೆ.

ನಾಲ್ಕನೇ ಹೆಜ್ಜೆ: ಕನ್ನಡದಲ್ಲಿ ಹುಡುಕುವಾಗ

ಇದು ನಮ್ಮದೇ ತೊಡಕು. ಬೇರೆ ಭಾಷೆಯವರು ಬರೆದ ಮಾರ್ಗದರ್ಶಿಗಳಲ್ಲಿ ಇದು ಸಿಗುವುದು ಕಡಿಮೆ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಕನ್ನಡದ ಪದ ಒಂದೇ ರೂಪದಲ್ಲಿ ನಿಲ್ಲುವುದಿಲ್ಲ. ತೊಣ್ಣೂರು, ತೊಣ್ಣೂರಿನ, ತೊಣ್ಣೂರಲ್ಲಿ, ತೊಣ್ಣೂರಿಗೆ. ವಿಭಕ್ತಿ ಸೇರಿದಾಗ ಕೊನೆಯ ಉ-ಕಾರ ಹೋಗಿಬಿಡುತ್ತದೆ. ಉದ್ಧರಣ ಚಿಹ್ನೆಯೊಳಗೆ "ತೊಣ್ಣೂರು" ಎಂದು ಹಾಕಿದರೆ "ತೊಣ್ಣೂರಿನ ಕೆರೆ" ಎಂದು ಬರೆದ ಪುಟ ತಪ್ಪಿಹೋಗಬಹುದು. ಹಾಗಾಗಿ ಕನ್ನಡದಲ್ಲಿ ಕನಿಷ್ಠ ಮೂರು ರೂಪ ಹಾಕಿ ನೋಡಿ: ಮೂಲ ಪದ, ಷಷ್ಠಿ, ಸಪ್ತಮಿ. ಕೂಡಿಸಿ ಬರೆದದ್ದು, ಬಿಡಿಸಿ ಬರೆದದ್ದು ಎರಡನ್ನೂ ಹಾಕಿ: ತೊಣ್ಣೂರುಕೆರೆ, ತೊಣ್ಣೂರು ಕೆರೆ. ಜನಪದ, ಜಾನಪದ ಎಂಬಂಥ ಎರಡು ರೂಪಗಳಿದ್ದರೂ ಎರಡನ್ನೂ ಹಾಕಿ. ಒತ್ತಕ್ಷರದಲ್ಲೂ ಕಾಟವಿದೆ: ಸೂರ್ಯ ಎಂದು ಅರ್ಕಾವೊತ್ತು ಹಾಕಿ ಬರೆಯುವವರಿದ್ದಾರೆ, ರ-ಕಾರವನ್ನು ಮೊದಲು ಬರೆದು ಸೂರ್‍ಯ ಎನ್ನುವವರಿದ್ದಾರೆ. ಓದುವ ನಮಗೆ ಎರಡೂ ಒಂದೇ ಪದ, ಕಂಪ್ಯೂಟರಿಗೆ ಬೇರೆ ಬೇರೆ ಅಕ್ಷರಗಳ ಸಾಲು.

ಇನ್ನೊಂದು ದೊಡ್ಡ ಗೋಡೆ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳು. ಎಲ್ಲ ಭಾಷೆಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ಪದ್ಧತಿ ಬಳಕೆಗೆ ಬರುವ ಮುಂಚೆ, ಎಷ್ಟೋ ಕಚೇರಿ ಮತ್ತು ಡಿಟಿಪಿ ಅಂಗಡಿಗಳಲ್ಲಿ ಅದಾದ ಮೇಲೂ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿ ಟೈಪ್ ಮಾಡಿದರು. ಪರದೆಯ ಮೇಲೆ ಕಾಣುವುದು ಕನ್ನಡ, ಒಳಗಿರುವುದು ಬೇರೆ. ನುಡಿಯಲ್ಲಿ ಟೈಪ್ ಮಾಡಿದ "ಕನ್ನಡ" ಎಂಬ ಪದವನ್ನು ಪಿಡಿಎಫ್‌ನಿಂದ ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ: ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆ ಗೆರೆ ಇರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಆಮೇಲೆ ಕ್ಯೂ, ಮತ್ತೊಮ್ಮೆ ಎ. ಗೂಗಲ್ ಓದಿರುವುದು ಇದನ್ನು. ನಾವು ಕನ್ನಡದಲ್ಲಿ ಕೇಳಿದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಎಷ್ಟು ಪ್ರಬಂಧಗಳು, ಗ್ರಾಮ ಪಂಚಾಯಿತಿ ನಡಾವಳಿಗಳು, ಅಧಿಸೂಚನೆಗಳು ಹೀಗೆ ಕಣ್ಣೆದುರೇ ಕಾಣೆಯಾಗಿವೆ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ದಾರಿ ಇಲ್ಲದಿಲ್ಲ. ನುಡಿಯಿಂದ ಯೂನಿಕೋಡ್‌ಗೆ, ಯೂನಿಕೋಡ್‌ನಿಂದ ನುಡಿಗೆ ಬದಲಿಸುವ ಉಚಿತ ಕನ್ವರ್ಟರುಗಳು ಆನ್‌ಲೈನ್‌ನಲ್ಲಿವೆ. ನಿಮ್ಮ ಪದವನ್ನು ನುಡಿಗೆ ಬದಲಿಸಿ, ಬಂದ ಆ ವಿಚಿತ್ರ ಅಕ್ಷರಗಳ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಅಂಟಿಸಿ ಹುಡುಕಿ. ಗೂಗಲ್, ಬಿಂಗ್ ಎರಡರಲ್ಲೂ ನೋಡಿ, ಏಕೆಂದರೆ ಚಿಹ್ನೆಗಳನ್ನು ಒಂದೊಂದು ಎಂಜಿನ್ ಒಂದೊಂದು ರೀತಿ ನುಂಗುತ್ತದೆ. ಪ್ರತಿ ಸಲ ಫಲಿಸುವುದಿಲ್ಲ; ಉದ್ದನೆಯ ಪದಗಳಲ್ಲಿ ಹೆಚ್ಚು ಫಲಿಸುತ್ತದೆ. ಪಿಡಿಎಫ್ ಈಗಾಗಲೇ ನಿಮ್ಮ ಕೈಯಲ್ಲಿದ್ದರೆ ಕಂಟ್ರೋಲ್ ಎಫ್ ಒತ್ತಿ ಅದೇ ಸಾಲನ್ನು ಅಂಟಿಸಿ. ಮುನ್ನೂರು ಪುಟದ ಪ್ರಬಂಧದಲ್ಲಿ ನಿಮ್ಮ ಊರು ಎಲ್ಲೆಲ್ಲಿ ಬಂದಿದೆ ಎಂದು ಒಂದೊಂದಾಗಿ ತೋರಿಸುತ್ತಾ ಹೋಗುತ್ತದೆ.

ಐದನೇ ಹೆಜ್ಜೆ: ಎಂಜಿನ್ ಹೋಗದ ಕಡೆ ನೀವೇ ಹೋಗಿ

ಗೂಗಲ್ ಆಗಲಿ ಬಿಂಗ್ ಆಗಲಿ ಅನೇಕ ಕಡೆ ಬಾಗಿಲವರೆಗೆ ಮಾತ್ರ ಕರೆದೊಯ್ಯುತ್ತವೆ. ಭೂಮಿಯ ಪಹಣಿ ನೋಡಲು ಜಿಲ್ಲೆ, ತಾಲ್ಲೂಕು, ಸರ್ವೆ ನಂಬರ್ ನಾವೇ ತುಂಬಬೇಕು. ಕ್ರಾಲರ್ ಅದನ್ನು ತುಂಬುವುದಿಲ್ಲ. ಗ್ರಂಥಾಲಯಗಳು, ಪತ್ರಾಗಾರಗಳು ಹೀಗೆಯೇ. ಅವುಗಳ ಒಳಗಿನ ಹುಡುಕುಪೆಟ್ಟಿಗೆಯೂ ಒಂದು ಸರ್ಚ್ ಎಂಜಿನ್ ಎಂದೇ ಲೆಕ್ಕಕ್ಕೆ ಹಿಡಿಯಿರಿ.

ಮೇಷ್ಟ್ರ ವಿಷಯಕ್ಕೆ ಎಲ್ಲಕ್ಕಿಂತ ಫಲ ಕೊಟ್ಟದ್ದು ಇಂಟರ್‌ನೆಟ್ ಆರ್ಕೈವ್ ಎಂಬ ಆನ್‌ಲೈನ್ ಗ್ರಂಥಾಲಯ. ಅಲ್ಲಿ ಸುಮ್ಮನೆ ಹುಡುಕಿದರೆ ಪುಸ್ತಕದ ಶೀರ್ಷಿಕೆ, ವಿವರಗಳಲ್ಲಿ ಮಾತ್ರ ನೋಡುತ್ತದೆ. ಪೆಟ್ಟಿಗೆಯ ಕೆಳಗಿನ ಆಯ್ಕೆಗಳಲ್ಲಿ ಪುಸ್ತಕದ ಒಳಗಿನ ಪಠ್ಯದಲ್ಲಿ ಹುಡುಕು ಎನ್ನುವುದನ್ನು ಒತ್ತಬೇಕು. ಫ್ರೆಂಚ್ ರಾಕ್ಸ್ ಎಂದು ಹಾಕಿದಾಗ ಬಿ. ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರ್ (ಸೀಮೆಯ ಊರುಗಳ ವಿವರ ಕೊಡುವ ಗ್ರಂಥ), ಸೈನ್ಯದ ದಾಖಲೆ, ರೈಲಿನ ವೇಳಾಪಟ್ಟಿ ಒಂದರ ಹಿಂದೊಂದು ಬಂದವು. ರೈಸ್ ಗೆಜೆಟಿಯರಿನ ಮೊದಲ ಆವೃತ್ತಿ 1877ರದ್ದು, ಪರಿಷ್ಕರಿಸಿದ್ದು 1897ರಲ್ಲಿ. ಎರಡನ್ನೂ ತೆರೆದು ಹೋಲಿಸಿ. ಇಪ್ಪತ್ತು ವರ್ಷದಲ್ಲಿ ಊರಿನಲ್ಲಾದ ಬದಲಾವಣೆ ಕಾಣುತ್ತದೆ. ಸಿ. ಹಯವದನರಾಯರ ಗೆಜೆಟಿಯರ್ ಬಂದದ್ದು 1927ರಿಂದ 1930ರ ನಡುವೆ. ಶಾಸನಕ್ಕೆ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಿವೆ. ರೈಸ್ ಅದನ್ನು ಜಿಲ್ಲಾವಾರು ಮಾಡಿದ್ದರಿಂದ ಹಳೆಯ ಜಿಲ್ಲೆ ಯಾವುದು ಎಂಬ ಮೊದಲ ಹೆಜ್ಜೆಯ ಮಾಹಿತಿ ಇಲ್ಲಿ ಕೆಲಸಕ್ಕೆ ಬರುತ್ತದೆ: ಪಾಂಡವಪುರ ಸೀಮೆಗೆ 1894ರ ಮೂರನೇ ಸಂಪುಟ, ಮೈಸೂರು ಜಿಲ್ಲೆಯ ಮೊದಲ ಭಾಗ.

ಕನ್ನಡ ಪುಸ್ತಕವನ್ನು ಅಲ್ಲಿ ಹುಡುಕುವಾಗ ಒಂದು ಮಾತು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಸಾವಿರಾರು ಕನ್ನಡ ಪುಸ್ತಕಗಳ ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ್ದಾರೆ, ಒಬ್ಬೊಬ್ಬರದು ಒಂದೊಂದು ಕಾಗುಣಿತ. ಚರಿತ್ರೆಗೆ ಸಿಎಚ್ ಹಾಕಿದವರಿದ್ದಾರೆ, ಬರೀ ಸಿ ಹಾಕಿದವರಿದ್ದಾರೆ. ಸಾಹಿತ್ಯಕ್ಕೆ ಒಂದು ಎ, ಎರಡು ಎ. ಪೂರ್ತಿ ಶೀರ್ಷಿಕೆ ಹಾಕಬೇಡಿ. ತಪ್ಪಾಗಲಾರದ ಒಂದು ತುಂಡು ಪದ ಮತ್ತು ಲೇಖಕರ ಹೆಸರಿನ ಒಂದು ಭಾಗ ಸಾಕು.

18ನೇ ಶತಮಾನದ ಇಂಗ್ಲಿಷ್ ಪುಸ್ತಕಗಳಿಗೆ ಗೂಗಲ್ ಬುಕ್ಸ್ ಒಳ್ಳೆಯದು. ಅಲ್ಲೊಂದು ಗುಟ್ಟಿದೆ. ಆಗಿನ ಮುದ್ರಣದಲ್ಲಿ ಪದದ ನಡುವಿನ ಎಸ್ ಅಕ್ಷರ ಉದ್ದವಾಗಿದ್ದು ಎಫ್‌ನಂತೆ ಕಾಣುತ್ತದೆ. ಸ್ಕ್ಯಾನ್ ಓದುವ ಯಂತ್ರವೂ ಎಷ್ಟೋ ಕಡೆ ಅದನ್ನು ಎಫ್ ಎಂದೇ ಓದಿಕೊಂಡಿದೆ. ಹಾಗಾಗಿ ಮೈಸೂರು ಎನ್ನುವುದನ್ನು ಎಸ್ ಬದಲು ಎಫ್ ಹಾಕಿ, "ಮೈಫೋರ್" ಎಂಬಂತೆ ಬರೆದು ಹುಡುಕಿ. ಟಿಪ್ಪುವಿನ ಕಾಲದಲ್ಲೇ ಅಚ್ಚಾದ ಪುಸ್ತಕಗಳು ಸಾಲುಗಟ್ಟುತ್ತವೆ. ಮೊದಲ ಸಲ ಇದನ್ನು ಮಾಡಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಭಾಷೆ ದಾಟಿಯೂ ಹುಡುಕಿ. ಫ್ರೆಂಚರು ಬಂದ ಊರಾದ ಮೇಲೆ ಫ್ರೆಂಚರೂ ಬರೆದಿರಬೇಕಲ್ಲ! ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ತಾಣ ಉಚಿತ. ಅಲ್ಲಿ ಟಿಪ್ಪು "ಟಿಪ್ಪೂ ಸಾಯಿಬ್", ಹೈದರನನ್ನು ಕೆಲವರು ಹ-ಕಾರ ಬಿಟ್ಟು "ಐದರ್" ಎಂದೇ ಬರೆದಿದ್ದಾರೆ. 1771ರ ಕಾಳಗಕ್ಕೆ ಮರಾಠಿಯಲ್ಲಿ, ದೇವನಾಗರಿಯಲ್ಲಿ "ಮೋತಿ ತಲಾವ್" ಎಂದು ಹಾಕಿ. ಆ ಭಾಷೆ ಬರದಿದ್ದರೆ ಗೂಗಲ್ ಟ್ರಾನ್ಸ್‌ಲೇಟ್‌ನಿಂದ ಹುಡುಕುಪದ ಮಾಡಿಕೊಂಡು, ಬಂದ ಪುಟವನ್ನು ಅನುವಾದಿಸಿ ಓದಿ, ಮುಖ್ಯವಾದುದನ್ನು ಭಾಷೆ ಬಲ್ಲವರಿಗೆ ತೋರಿಸಿ.

ಇನ್ನುಳಿದವನ್ನು ಬೇಗ ಹೇಳಿಬಿಡುತ್ತೇನೆ. ಇಂಪೀರಿಯಲ್ ಗೆಜೆಟಿಯರ್ ಪೂರ್ತಿ ಷಿಕಾಗೊ ವಿಶ್ವವಿದ್ಯಾಲಯದ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿಯಲ್ಲಿದೆ. ಪಿಎಚ್‌.ಡಿ ಪ್ರಬಂಧಗಳಿಗೆ ಶೋಧಗಂಗಾ. ಅಧ್ಯಾಯಕ್ಕೊಂದು ಪಿಡಿಎಫ್ ಇರುತ್ತದೆ, ಕನ್ನಡದವು ಬಹಳಷ್ಟು ನುಡಿಯಲ್ಲಿವೆ. ಸಂಶೋಧನಾ ಲೇಖನಗಳಿಗೆ ಗೂಗಲ್ ಸ್ಕಾಲರ್ ಒಂದನ್ನೇ ನೆಚ್ಚದೆ ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾಲಯದ ಬೇಸ್ ಕೂಡ ನೋಡಿ. ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪುಗಳಿಗೆ ಇಂಡಿಯನ್ ಕಾನೂನ್. ಮಂಗಳೂರು, ಧಾರವಾಡ, ಕೊಡಗಿನ ಹಳೆಯ ಫೋಟೊಗಳಿಗೆ ಬಾಸೆಲ್ ಮಿಷನ್ ಪತ್ರಾಗಾರದ ತಾಣ. ಪದದ ಅರ್ಥಕ್ಕೆ ಅಲರ್ ನಿಘಂಟು.

ಆರನೇ ಹೆಜ್ಜೆ: ಚಿತ್ರದಿಂದ ಹುಡುಕುವುದು

ಫೋಟೊ ಒಂದೇ ಕೈಯಲ್ಲಿದ್ದಾಗ ನಾಲ್ಕು ಕಡೆ ಹಾಕಿ: ಗೂಗಲ್ ಲೆನ್ಸ್, ಬಿಂಗ್ ವಿಷುವಲ್ ಸರ್ಚ್, ಯಾಂಡೆಕ್ಸ್, ಟಿನ್‌ಐ. ಲೆನ್ಸ್ ಗಿಡ, ಹಕ್ಕಿ, ಗುಡಿ, ಸಾಮಾನು ಗುರುತಿಸುವುದರಲ್ಲಿ ಮುಂದು. ಯಾಂಡೆಕ್ಸ್ ಒಂದೇ ಜಾಗದ, ಒಂದೇ ಮುಖದ ಬೇರೆ ಫೋಟೊಗಳನ್ನು ಚೆನ್ನಾಗಿ ಹಿಡಿಯುತ್ತದೆ. ಕೆನಡಾದ ಟಿನ್‌ಐ ಮಾಡುವುದು ಒಂದೇ ಕೆಲಸ, ಇದೇ ಚಿತ್ರ ಬೇರೆ ಎಲ್ಲಿ ಬಂದಿದೆ ಎಂದು ಹೇಳುವುದು. ಅದರಲ್ಲಿ ಅತಿ ಹಳೆಯದು ಮೊದಲು ಎಂದು ಜೋಡಿಸಬಹುದು. ಮಳೆಗಾಲದಲ್ಲಿ "ಇದೀಗ ಕೆಆರ್‌ಎಸ್" ಎಂದು ಬರುವ ಅಣೆಕಟ್ಟಿನ ಫೋಟೊ ಹತ್ತು ವರ್ಷ ಹಳೆಯದೋ, ಚೀನಾದ್ದೋ ಎಂದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಹಾಕುವ ಮೊದಲು ಫೋಟೊದ ಮೇಲಿನ ಬರಹ, ಅಂಚಿನ ಬಣ್ಣ ಎಲ್ಲ ಕತ್ತರಿಸಿ. ಮನೆಯವರ, ಮಕ್ಕಳ ಫೋಟೊ ಮಾತ್ರ ಇಂಥ ಕಡೆ ಹಾಕಬೇಡಿ.

ಏಳನೇ ಹೆಜ್ಜೆ: ಸಿಕ್ಕಿದ್ದನ್ನು ಒರೆಗೆ ಹಚ್ಚಿ

ಹತ್ತು ಕಡೆ ಬಂದದ್ದು ಹತ್ತು ಸಾಕ್ಷಿಯೋ, ಒಂದೇ ಸಾಕ್ಷಿಯ ಹತ್ತು ನಕಲೋ? ಕಂಡುಹಿಡಿಯುವುದು ಸುಲಭ. ಪುಟದಲ್ಲಿನ ಒಂದು ವಿಲಕ್ಷಣವಾದ ವಾಕ್ಯವನ್ನು ಹಾಗೇ ಎತ್ತಿ ಉದ್ಧರಣ ಚಿಹ್ನೆಯೊಳಗೆ ಹಾಕಿ, ಗೂಗಲ್ ಮತ್ತು ಬಿಂಗ್ ಎರಡರಲ್ಲೂ ಹುಡುಕಿ. ಅಕ್ಷರದೋಷ ಸಮೇತ ಅದೇ ವಾಕ್ಯ ಬೇರೆಡೆ ಇದ್ದರೆ ಎಲ್ಲವೂ ಒಂದೇ ಮೂಲದವು.

ಬೆಂಗಳೂರಿನ ಹೆಸರಿನ ಕಥೆಯನ್ನೇ ತೆಗೆದುಕೊಳ್ಳಿ. ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎನ್ನುವುದು ಸಾವಿರ ಕಡೆ ಸಿಗುತ್ತದೆ. "ಬೇಗೂರು ಶಾಸನ" ಎಂದು ಬೇರೆ ಬಾಗಿಲಿನಿಂದ ಹೋಗಿ ನೋಡಿ. ಸುಮಾರು ಕ್ರಿ.ಶ. 890ರ ವೀರಗಲ್ಲೊಂದರಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಕಥೆಗಿಂತ ಹೆಸರು ಹಳೆಯದು. ಕಥೆಯ ಪದಗಳಿಂದ ಹುಡುಕಿದರೆ ಕಥೆಯೇ ಸಿಗುತ್ತದೆ. ಅದನ್ನು ಪರೀಕ್ಷಿಸಬೇಕಾದರೆ ಅದರಲ್ಲಿಲ್ಲದ ಪದದಿಂದ ಹುಡುಕಬೇಕು: ಶಾಸನ, ಅತಿ ಹಳೆಯ ಉಲ್ಲೇಖ, ಹೆಸರಿನ ಮೂಲ.

ಎಐ ಚಾಟ್‌ಗಳನ್ನೂ ಕೇಳಬಹುದು. ನಾನು ಅವನ್ನು ಬಳಸುವುದು ಹುಡುಕುಪದ ಹೊಳೆಯದಿದ್ದಾಗ: ಈ ಊರಿನ ಹೆಸರನ್ನು ಹಳೆಯ ಇಂಗ್ಲಿಷಿನಲ್ಲಿ ಹೇಗೆಲ್ಲ ಬರೆದಿರಬಹುದು ಎಂದು ಕೇಳಲು. ಉತ್ತರದಲ್ಲಿ ಅವು ಕೊಡುವ ಪುಸ್ತಕ, ಪುಟಸಂಖ್ಯೆ ತೆರೆದು ನೋಡುವ ತನಕ ಬರೆದುಕೊಳ್ಳಬೇಡಿ.

ಇಲ್ಲೇ ಇನ್ನೊಂದು ಎಚ್ಚರಿಕೆ, ಇದನ್ನು ಮನೆಯಲ್ಲಿರುವ ಹಿರಿಯರಿಗೂ ಹೇಳಿ. ನಮ್ಮ ಬೀದಿಯ ನಿವೃತ್ತ ನೌಕರರೊಬ್ಬರು ಬ್ಯಾಂಕಿನ ಕಸ್ಟಮರ್ ಕೇರ್ ನಂಬರನ್ನು ಸರ್ಚ್‌ನಲ್ಲಿ ಹುಡುಕಿ, ಮೇಲೆ ಕಂಡದ್ದಕ್ಕೆ ಫೋನ್ ಮಾಡಿದರು. ಆ ಕಡೆಯವನು ಒಂದು ಆ್ಯಪ್ ಹಾಕಿಸಿ ಉಳಿತಾಯ ಖಾತೆ ಬರಿದು ಮಾಡಿದ. ಫೋನ್ ನಂಬರಿನ ವಿಷಯದಲ್ಲಿ ಹತ್ತು ಎಂಜಿನ್ ನೋಡಿದರೂ ಪ್ರಯೋಜನವಿಲ್ಲ. ಪಾಸ್‌ಬುಕ್, ಎಟಿಎಂ ಕಾರ್ಡಿನ ಹಿಂಬದಿ, ಬ್ಯಾಂಕಿನ ಸ್ವಂತ ಆ್ಯಪ್, ಈ ಮೂರರಲ್ಲಿ ಇದ್ದದ್ದಕ್ಕೆ ಮಾತ್ರ ಕರೆ ಮಾಡಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಸರ್ಕಾರಿ ಸೇವೆಯ ತಾಣಕ್ಕೂ ಇದೇ ನಿಯಮ: ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇದೆಯೇ ನೋಡಿ. ಮೇ‌ಲ್ಗಡೆ ಸ್ಪಾನ್ಸರ್ಡ್ ಎಂದು ಬರುವುದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು.

ಎಂಟನೇ ಹೆಜ್ಜೆ: ಬರೆದಿಡಿ, ಉಳಿಸಿಡಿ

ಒಂದು ನೋಟ್‌ಪುಸ್ತಕದಲ್ಲಿ ನಾಲ್ಕು ಕಾಲಂ ಹಾಕಿ: ತಾರೀಖು, ಎಂಜಿನ್, ಹಾಕಿದ ಪದ, ಸಿಕ್ಕಿದ್ದು. ಏನೂ ಸಿಗದಿದ್ದರೆ ಅದನ್ನೂ ಬರೆಯಿರಿ. ಇಲ್ಲದಿದ್ದರೆ ವಾರ ಬಿಟ್ಟು ಮತ್ತೆ ಅದೇ ಬಾಗಿಲು ತಟ್ಟುತ್ತೀರಿ. ಮೇಷ್ಟ್ರ ಪುಸ್ತಕದಲ್ಲಿ ಮೊದಲ ದಿನದ ಹನ್ನೊಂದು ಸಾಲಿನಲ್ಲಿ ಏಳರ ಎದುರು "ಇಲ್ಲ" ಎಂದೇ ಇತ್ತು.

ಬೇಕಾದ ಪುಟ ಸಿಕ್ಕ ಕೂಡಲೇ ಅದರ ವಿಳಾಸವನ್ನು ವೇಬ್ಯಾಕ್ ಮಷೀನ್‌ನಲ್ಲಿ ಸೇವ್ ಪೇಜ್ ನೌ ಎಂಬಲ್ಲಿ ಅಂಟಿಸಿ. ಅದು ವೆಬ್ ಪುಟಗಳ ಪ್ರತಿ ಉಳಿಸಿಡುವ ಇಂಟರ್‌ನೆಟ್ ಆರ್ಕೈವ್‌ನದೇ ಸೇವೆ, 2001ರಿಂದ ಸಾರ್ವಜನಿಕರಿಗೆ ತೆರೆದಿದೆ. ಸರ್ಕಾರಿ ತಾಣ ಹೊಸದಾದಾಗ ಹಳೆಯ ಕೊಂಡಿಗಳು ಸಾಯುತ್ತವೆ, ಪತ್ರಿಕೆಗಳ ಹಳೆಯ ಪುಟಗಳು ಮಾಯವಾಗುತ್ತವೆ. ಮೊದಲು ಗೂಗಲ್‌ನಲ್ಲಿ ಕ್ಯಾಶ್ ಎಂಬ ಕೊಂಡಿ ಒತ್ತಿದರೆ ಹಳೆಯ ಪ್ರತಿ ಸಿಗುತ್ತಿತ್ತು. 2024ರಲ್ಲಿ ಅದನ್ನು ತೆಗೆದುಹಾಕಿದರು. ಸತ್ತ ಕೊಂಡಿ ಎದುರಾದಾಗ ಅದರ ವಿಳಾಸವನ್ನು ವೇಬ್ಯಾಕ್‌ಗೆ ಹಾಕಿ ಇಸವಿ ಆರಿಸಿದರೆ ಅನೇಕ ಸಲ ಪುಟ ಎದ್ದು ಬರುತ್ತದೆ.

ಸ್ಮರಣ ಸಂಚಿಕೆ ಅಚ್ಚಿಗೆ ಹೋದ ಮೇಲೆ ಮೇಷ್ಟ್ರು ಇನ್ನೊಂದು ಕೆಲಸ ಮಾಡಿದರು. ತಮ್ಮ ಲೇಖನದ ಯೂನಿಕೋಡ್ ಪ್ರತಿಯನ್ನು ಇಂಟರ್‌ನೆಟ್ ಆರ್ಕೈವ್‌ಗೆ ಹಾಕಿ, ವಿವರದ ಜಾಗದಲ್ಲಿ ಊರಿನ ಹೆಸರನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಟೈಪ್ ಮಾಡಿದರು: ಪಾಂಡವಪುರ, ಹಿರೋಡೆ, ಫ್ರೆಂಚ್ ರಾಕ್ಸ್.